‘ಸ್ಯಾತ್’ ಎಂದರೆ ‘ಎನ್ನಲಾಗಿದೆ’ ಎಂದಲ್ಲ: ಮಾಧ್ಯಮನೀತಿಯ ಚರ್ಚೆಯಲ್ಲಿ ಅನೇಕಾಂತದ ದುರುಪಯೋಗ

ಮಾಧ್ಯಮನೀತಿಯನ್ನು ಕುರಿತ ವಿಚಾರಸಂಕಿರಣಗಳಲ್ಲಿ ಅನೇಕಾಂತವಾದಕ್ಕೆ ಈಗ ಒಂದು ಕಾಯಂ ಆಸನ ದೊರೆತಿದೆ. ಅರಿಸ್ಟಾಟಲನ ಮಧ್ಯಮಮಾರ್ಗ, ಕಾಂಟನ ನಿರುಪಾಧಿಕ ವಿಧಿ, ಮಿಲ್ಲನ ಉಪಯುಕ್ತತಾವಾದ, ರಾಲ್ಸನ ಅಜ್ಞಾನದ ತೆರೆ ಎಂಬ ಕ್ರಮದಲ್ಲಿ ಪ್ರಬಂಧ ಸಾಗಿ, ಕೊನೆಯ ಪುಟದಲ್ಲಿ ‘ನಮ್ಮಲ್ಲಿಯೂ’ ಎಂಬ ಪೀಠಿಕೆಯೊಡನೆ ಜೈನದರ್ಶನದ ಪ್ರವೇಶವಾಗುತ್ತದೆ. ಪಾಶ್ಚಾತ್ಯರ ಈ ಸಾಲು ಕ್ಲಿಫರ್ಡ್ ಕ್ರಿಶ್ಚಿಯನ್ಸ್ ಮತ್ತು ಸಂಗಡಿಗರು 1983ರಲ್ಲಿ ಹೊರತಂದ ‘ಮೀಡಿಯಾ ಎಥಿಕ್ಸ್’ ಎಂಬ ಪಠ್ಯಪುಸ್ತಕದ ಪರಿಚಿತ ಸಾಲು. ಅದರ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಕೊನೆಯ ಪುಟದ ಬಗ್ಗೆ. ಅಲ್ಲಿ ಹೇಳುವುದಿಷ್ಟು: ಸತ್ಯಕ್ಕೆ ಅನೇಕ ಮುಖಗಳಿವೆ, ಆದ್ದರಿಂದ ಪತ್ರಕರ್ತನು ಎಲ್ಲರ ಮಾತನ್ನೂ ಕೇಳಿಸಬೇಕು, ತಾನು ಯಾವ ತೀರ್ಮಾನಕ್ಕೂ ಬರಬಾರದು, ಇದೇ ಅನೇಕಾಂತ, ಇದೇ ವಸ್ತುನಿಷ್ಠತೆ. ಕುರುಡರೂ ಆನೆಯೂ ಒಮ್ಮೆ ವೇದಿಕೆಗೆ ಬಂದು ಹೋಗುತ್ತವೆ. ಸಭೆ ತಲೆದೂಗುತ್ತದೆ. ಜೈನ ಶ್ರೋತೃಗಳಂತೂ ತಮ್ಮ ಆಚಾರ್ಯರಿಗೆ ಆಧುನಿಕರ ಪಂಕ್ತಿಯಲ್ಲಿ ಎಲೆ ಹಾಕಿದರೆಂದು ಸಂತೋಷಪಡುತ್ತಾರೆ.

ಈ ವ್ಯಾಖ್ಯಾನ ತಪ್ಪು. ಇದು ಅನೇಕಾಂತವನ್ನು ಸರಳಗೊಳಿಸುವುದಿಲ್ಲ, ತಲೆಕೆಳಗು ಮಾಡುತ್ತದೆ. ಯಾವ ದೋಷವನ್ನು ಜೈನ ತಾರ್ಕಿಕರು ‘ದುರ್ನಯ’ವೆಂದು ಕರೆದು ಖಂಡಿಸಿದರೋ ಅದನ್ನೇ ಅವರ ಹೆಸರಿನಲ್ಲಿ ಸದ್ಗುಣವೆಂದು ಮಾರುತ್ತದೆ. ಇಂದಿನ ಸುದ್ದಿವಾಹಿನಿಗಳ ಅತ್ಯಂತ ಕೆಟ್ಟ ಅಭ್ಯಾಸಗಳಿಗೆ ಒಂದು ಪ್ರಾಚೀನ ದರ್ಶನದ ರಕ್ಷಾಕವಚ ಸಿಗುವುದು ಹೀಗೆ.

ಮೊದಲಿಗೆ ‘ಸ್ಯಾತ್’ ಎಂಬ ಪದವನ್ನೇ ನೋಡಬೇಕು. ಇದನ್ನು ‘ಬಹುಶಃ’, ‘ಇರಬಹುದು’ ಎಂದು ಅನುವಾದಿಸಿದವರು ಹಿಂದೆಯೂ ಇದ್ದರು, ಇಂದೂ ಇದ್ದಾರೆ. ಜೈನ ನ್ಯಾಯದಲ್ಲಿ ಈ ಪದ ಸಂಶಯವನ್ನು ಸೂಚಿಸುವುದಿಲ್ಲ, ಅಪೇಕ್ಷೆಯನ್ನು ಸೂಚಿಸುತ್ತದೆ. ಮಡಕೆ ‘ಇದೆ’ ಎನ್ನುವಾಗ ಅದು ತನ್ನ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ಅಪೇಕ್ಷೆಯಿಂದ ಇದೆ. ಬಟ್ಟೆಯ ದ್ರವ್ಯಾದಿಗಳ ಅಪೇಕ್ಷೆಯಿಂದ ಇಲ್ಲ. ಸ್ಯಾತ್ಕಾರದ ಜೊತೆಯಲ್ಲಿ ‘ಏವ’ಕಾರವೂ ಬರುತ್ತದೆಂಬುದನ್ನು ವೇದಿಕೆಯ ವಿದ್ವಾಂಸರು ಮರೆಯುತ್ತಾರೆ. ‘ಏವ’ ಎಂದರೆ ‘ಇದ್ದೇ ಇದೆ’ ಎಂಬ ನಿಶ್ಚಯ. ಈ ನೆಲೆಯಲ್ಲಿ ನಿಂತು ನೋಡಿದರೆ ಹೀಗೆಯೇ, ಎಂದು ವಕ್ತಾರನು ತನ್ನ ನೆಲೆಯನ್ನು ಹೇಳಿಕೊಂಡು ಆ ನೆಲೆಯಲ್ಲಿ ಖಚಿತವಾಗಿ ಮಾತನಾಡುತ್ತಾನೆ. ಯಾರು, ಎಲ್ಲಿ, ಯಾವಾಗ, ಯಾವ ಸ್ಥಿತಿಯಲ್ಲಿ ಎಂಬುದನ್ನು ಹೇಳದ ಮಾತು ಸ್ಯಾದ್ವಾದದ ಮಾತಾಗಲಾರದು. ‘ಸ್ಯಾತ್’ ವಕ್ತಾರನನ್ನು ಕಟ್ಟಿಹಾಕುವ ಪದ.

ಇದರ ಎದುರಿಗೆ ಕನ್ನಡ ಪತ್ರಿಕಾಭಾಷೆಯ ‘ಎನ್ನಲಾಗಿದೆ’ಯನ್ನು ಇಟ್ಟು ನೋಡಬಹುದು. ‘ಹಣ ಪಡೆದಿದ್ದಾರೆ ಎನ್ನಲಾಗಿದೆ’, ‘ಸಂಬಂಧವಿತ್ತು ಎಂದು ಹೇಳಲಾಗುತ್ತಿದೆ’, ‘ಮೂಲಗಳು ತಿಳಿಸಿವೆ’. ವ್ಯಾಕರಣದ ದೃಷ್ಟಿಯಿಂದ ಇದು ಕರ್ತೃವನ್ನು ಮರೆಮಾಡುವ ಕರ್ಮಣಿಪ್ರಯೋಗ. ಕನ್ನಡದ ಜಾಯಮಾನಕ್ಕೆ ಕರ್ಮಣಿಪ್ರಯೋಗ ಅಷ್ಟಾಗಿ ಒಗ್ಗದು. ಆಡುಮಾತಿನಲ್ಲಿ ಅದು ಅಪರೂಪ. ಪರರಿಂದ ಕೇಳಿದ ಮಾತನ್ನು ಹೇಳಲು ಕನ್ನಡಕ್ಕೆ ತನ್ನದೇ ಆದ ಪ್ರಾಮಾಣಿಕ ಸಾಧನವಿದೆ: ‘ಅಂತೆ’. ‘ಊರಲ್ಲಿ ಮಳೆ ಬಂತಂತೆ’ ಎನ್ನುವ ಹೆಂಗಸು ತಾನು ಕಂಡಿಲ್ಲ, ಕೇಳಿದ್ದೇನೆ ಎಂಬುದನ್ನು ಒಂದೇ ಪ್ರತ್ಯಯದಲ್ಲಿ ಒಪ್ಪಿಕೊಳ್ಳುತ್ತಾಳೆ; ಯಾರು ಹೇಳಿದರೆಂದು ಕೇಳಿದರೆ ಹೆಸರು ಹೇಳುತ್ತಾಳೆ. ‘ಎನ್ನಲಾಗಿದೆ’ ಹಾಗಲ್ಲ. ಅದು ಗಾಳಿಮಾತಿಗೆ ವರದಿಯ ಉಡುಪು ತೊಡಿಸುತ್ತದೆ, ಹೇಳಿದವನನ್ನೂ ಬರೆದವನನ್ನೂ ಏಕಕಾಲಕ್ಕೆ ಬಿಡುಗಡೆ ಮಾಡುತ್ತದೆ. ಶೀರ್ಷಿಕೆಯ ಕೊನೆಯ ಪ್ರಶ್ನಾರ್ಥಕ ಚಿಹ್ನೆಯದೂ ಇದೇ ಕೆಲಸ. ಹಳ್ಳಿಯ ಜಗಲಿಯ ಹರಟೆಗೆ ಇರುವ ಪ್ರಮಾಣಶಾಸ್ತ್ರ ಇದಕ್ಕಿಲ್ಲ. ಇಂಥ ಪ್ರಯೋಗವನ್ನು ಸ್ಯಾದ್ವಾದದ ಆಧುನಿಕ ರೂಪವೆಂದು ಬಣ್ಣಿಸುವುದು ಎರಡೂ ಭಾಷೆಗಳಿಗೆ ಮಾಡುವ ಅನ್ಯಾಯ.

ಎರಡನೆಯ ಭ್ರಮೆ, ‘ಎರಡೂ ಕಡೆಯವರನ್ನು’ ಕೂರಿಸಿದರೆ ಅನೇಕಾಂತವಾಯಿತೆಂಬುದು. ಈ ಆಕ್ಷೇಪವನ್ನು ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯಲ್ಲಿ ತಾವೇ ಎತ್ತಿಕೊಂಡು ಉತ್ತರಿಸಿದ್ದಾರೆ. ಏಕಾಂತಗಳೆಲ್ಲ ಮಿಥ್ಯೆಯಾದರೆ ಅವುಗಳ ಸಮೂಹವಾದ ಅನೇಕಾಂತವೂ ಮಿಥ್ಯೆಯಲ್ಲವೆ ಎಂಬುದು ಪ್ರತಿವಾದಿಯ ಪ್ರಶ್ನೆ. ಪರಸ್ಪರ ಅಪೇಕ್ಷೆಯಿಲ್ಲದ ನಯಗಳು ಮಿಥ್ಯೆಯೇ. ಪರಸ್ಪರ ಸಾಪೇಕ್ಷವಾದ ನಯಗಳು ಮಾತ್ರ ವಸ್ತುವನ್ನು ಮುಟ್ಟುತ್ತವೆ ಎಂಬುದು ಆಚಾರ್ಯರ ಉತ್ತರದ ತಾತ್ಪರ್ಯ. ಎರಡು ಸುಳ್ಳುಗಳನ್ನು ಎದುರುಬದುರು ಕೂರಿಸಿದರೆ ನಡುವೆ ಸತ್ಯ ಹುಟ್ಟುವುದಿಲ್ಲವೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ. ರಾತ್ರಿ ಒಂಬತ್ತರ ಚರ್ಚೆಯಲ್ಲಿ ಪರದೆಯನ್ನು ಆರು ಚೌಕಗಳಾಗಿ ಸೀಳಿ ಕೂರಿಸುವ ಆರು ಮಂದಿಯಲ್ಲಿ ಒಬ್ಬರಾದರೂ ಮತ್ತೊಬ್ಬರ ನೆಲೆಯ ಅಪೇಕ್ಷೆಯಿಂದ ತಮ್ಮ ಮಾತನ್ನು ತಿದ್ದಿಕೊಳ್ಳುವ ಉದ್ದೇಶದಿಂದ ಬಂದಿರುವುದಿಲ್ಲ. ಹಾಗೆ ತಿದ್ದಿಕೊಂಡವರನ್ನು ಮತ್ತೆ ಕರೆಯುವುದೂ ಇಲ್ಲ. ಅದು ಆರು ದುರ್ನಯಗಳ ಸಭೆ; ನಿರೂಪಕ ಏಳನೆಯವನು.

ಅನೇಕಾಂತವನ್ನು ‘ಬೌದ್ಧಿಕ ಅಹಿಂಸೆ’ಯೆಂದು ಹೊಗಳುವ ರೂಢಿ ಈಚಿನದು. ಎ. ಬಿ. ಧ್ರುವ ಅವರು 1933ರಲ್ಲಿ ‘ಸ್ಯಾದ್ವಾದಮಂಜರಿ’ಯನ್ನು ಸಂಪಾದಿಸಿ ಬರೆದ ಪ್ರಸ್ತಾವನೆಯಿಂದ ಆ ಮಾತಿಗೆ ಚಲಾವಣೆ ಬಂತು. ಗಮನಿಸಬೇಕಾದ ಸಂಗತಿಯೆಂದರೆ, ‘ಸ್ಯಾದ್ವಾದಮಂಜರಿ’ಯು ಹೇಮಚಂದ್ರಾಚಾರ್ಯರ ಯಾವ ಸ್ತೋತ್ರಕ್ಕೆ ವ್ಯಾಖ್ಯಾನವೋ ಅದರ ಹೆಸರೇ ‘ಅನ್ಯಯೋಗವ್ಯವಚ್ಛೇದ’. ಅನ್ಯಮತಗಳನ್ನು ಒಂದೊಂದಾಗಿ ಎತ್ತಿಕೊಂಡು ಖಂಡಿಸುವುದೇ ಅದರ ಕೆಲಸ. ಅಕಲಂಕರು ಬೌದ್ಧ ತಾರ್ಕಿಕರೊಡನೆ ನಡೆಸಿದ ವಾದವನ್ನು ಓದಿದವರು ಯಾರೂ ಜೈನ ನೈಯಾಯಿಕರನ್ನು ‘ಎಲ್ಲರೂ ಸರಿ’ ಎನ್ನುವ ಸಾತ್ತ್ವಿಕರೆಂದು ಭಾವಿಸಲಾರರು. ಪ್ರತಿವಾದಿಯ ಮಾತನ್ನು ಪೂರ್ವಪಕ್ಷದಲ್ಲಿ ಅವನಿಗಿಂತ ಚೆನ್ನಾಗಿ ನಿರೂಪಿಸಿ ಆಮೇಲೆ ಖಂಡಿಸುವುದು ಅವರ ಶಿಸ್ತು. ‘ಕವಿರಾಜಮಾರ್ಗ’ವು ಪರವಿಚಾರವನ್ನೂ ಪರಧರ್ಮವನ್ನೂ ಸೈರಿಸುವುದನ್ನು ಹೊನ್ನೆಂದು ಕರೆದಿದೆ, ನಿಜ. ಸೈರಿಸುವುದು ಬೇರೆ, ಒಪ್ಪಿಕೊಳ್ಳುವುದು ಬೇರೆ, ಪರೀಕ್ಷಿಸದೆ ಬಿತ್ತರಿಸುವುದು ಮತ್ತೂ ಬೇರೆ.

ಹಾಗಾದರೆ ಜೈನದರ್ಶನದಲ್ಲಿ ಮಾಧ್ಯಮನೀತಿಗೆ ತಳಹದಿ ಇಲ್ಲವೆ? ಇದೆ, ಹುಡುಕುವ ಜಾಗ ತಪ್ಪಾಗಿದೆ. ಅದು ಪ್ರಮಾಣಶಾಸ್ತ್ರದ ಅಧ್ಯಾಯದಲ್ಲಿ ಮಾತ್ರವಲ್ಲ, ವ್ರತಗಳ ಅಧ್ಯಾಯದಲ್ಲಿದೆ. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯ ಮತ್ತು ಅದಕ್ಕೆ ಪೂಜ್ಯಪಾದರ ‘ಸರ್ವಾರ್ಥಸಿದ್ಧಿ’, ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ ಇವುಗಳನ್ನು ವಾಕ್ಕಿನ ನೀತಿಶಾಸ್ತ್ರವಾಗಿ ಓದುವ ಅಭ್ಯಾಸ ನಮ್ಮ ವಿಭಾಗಗಳಲ್ಲಿ ಬೆಳೆದಿಲ್ಲ. ಶ್ರಾವಕಾಚಾರವೆಂದರೆ ರಾತ್ರಿಭೋಜನದ ನಿಷೇಧ, ಗೆಡ್ಡೆಗೆಣಸಿನ ನಿಷೇಧ ಎಂದಷ್ಟೇ ತಿಳಿದವರು ಹೆಚ್ಚು.

ಉಮಾಸ್ವಾತಿಯು ಅನೃತವೆಂದರೆ ‘ಅಸತ್’ ಆದ ಮಾತು ಎನ್ನುವಾಗ ‘ಅಸತ್’ ಎಂದರೆ ‘ಇಲ್ಲದ್ದು’ ಎಂದು ಓದುಗ ತಿಳಿಯುತ್ತಾನೆ. ಪೂಜ್ಯಪಾದರು ಅಲ್ಲಿ ತಡೆದು ನಿಲ್ಲಿಸುತ್ತಾರೆ. ಅಸತ್ ಎಂದರೆ ಅಪ್ರಶಸ್ತವಾದದ್ದು. ಪ್ರಾಣಿಗಳಿಗೆ ಪೀಡೆಯನ್ನುಂಟುಮಾಡುವುದು ಅಪ್ರಶಸ್ತ, ಹೇಳಿದ ವಿಷಯ ವಾಸ್ತವದಲ್ಲಿ ಇರಲಿ ಇಲ್ಲದಿರಲಿ. ಸಮಂತಭದ್ರರೂ ಆಪತ್ತಿಗೆ ಕಾರಣವಾಗುವ ಸತ್ಯವನ್ನು ಸತ್ಯಾಣುವ್ರತಿಗೆ ನಿಷೇಧಿಸುತ್ತಾರೆ. ಕಾಂಟನಿಗೂ ಇವರಿಗೂ ದಾರಿ ಬೇರೆಯಾಗುವುದು ಇಲ್ಲಿ. 1797ರ ತನ್ನ ಪ್ರಬಂಧದಲ್ಲಿ ಕಾಂಟ್, ಕೊಲೆಗಾರನು ಬಾಗಿಲಿಗೆ ಬಂದು ಮಿತ್ರನ ಇರವನ್ನು ವಿಚಾರಿಸಿದರೂ ಸುಳ್ಳು ಹೇಳಲಾಗದೆಂದು ವಾದಿಸಿದ. ಜೈನಾಚಾರ್ಯರ ದೃಷ್ಟಿಯಲ್ಲಿ ಬೇಟೆಗಾರನಿಗೆ ಜಿಂಕೆಯ ಜಾಡನ್ನು ಯಥಾರ್ಥವಾಗಿ ತೋರಿಸಿದ ಮಾತು ಅಸತ್ಯದ ವರ್ಗಕ್ಕೆ ಸೇರುತ್ತದೆ, ಏಕೆಂದರೆ ಉಳಿದ ನಾಲ್ಕು ವ್ರತಗಳೂ ಅಹಿಂಸೆಯ ರಕ್ಷಣೆಗಾಗಿ ಇರುವ ಬೇಲಿಗಳು.

ಇದು ಪಾಠಶಾಲೆಯ ಸಮಸ್ಯೆಯಲ್ಲ. 2008ರ ನವೆಂಬರ್ 26ರ ಮುಂಬಯಿ ದಾಳಿಯ ಸಂದರ್ಭದಲ್ಲಿ ವಾಹಿನಿಗಳು ಭದ್ರತಾ ಪಡೆಗಳ ಚಲನವಲನವನ್ನು ನೇರಪ್ರಸಾರ ಮಾಡಿದವು. ತೋರಿಸಿದ ದೃಶ್ಯಗಳು ಸುಳ್ಳಲ್ಲ. ಗಡಿಯಾಚೆ ಕುಳಿತ ಸೂತ್ರಧಾರರು ಆ ದೃಶ್ಯಗಳನ್ನು ನೋಡಿ ಹೋಟೆಲಿನೊಳಗಿದ್ದವರಿಗೆ ದೂರವಾಣಿಯಲ್ಲಿ ಸೂಚನೆ ಕೊಡುತ್ತಿದ್ದರು. ಕಸಬ್ ಮೇಲ್ಮನವಿಯ ತೀರ್ಪಿನಲ್ಲಿ (2012ರ ಆಗಸ್ಟ್ 29) ಸರ್ವೋಚ್ಚ ನ್ಯಾಯಾಲಯವು ಈ ಪ್ರಸಾರವನ್ನು ಕಟುವಾಗಿ ಟೀಕಿಸಿತು. ‘ಇದ್ದದ್ದನ್ನು ಇದ್ದಂತೆ ತೋರಿಸಿದೆವು’ ಎಂಬ ಸಮರ್ಥನೆಯ ಮಿತಿಯನ್ನು ತಿಳಿಯಲು ಇದಕ್ಕಿಂತ ಬೇರೆ ನಿದರ್ಶನ ಬೇಡ. ಕ್ಯಾಮೆರಾ ಜಿಂಕೆಯ ಜಾಡನ್ನು ತೋರಿಸಿತ್ತು.

ಇಲ್ಲಿ ಒಂದು ಪ್ರಬಲ ಆಕ್ಷೇಪವಿದೆ, ಅದನ್ನು ದಾಟಿ ಹೋಗಲಾಗದು. ಪೀಡೆಯನ್ನುಂಟುಮಾಡುವ ಸತ್ಯವೂ ಅಸತ್ಯವಾದರೆ ಲಂಚಕೋರನ ವಿಷಯವನ್ನು ಬರೆಯುವುದು ಹೇಗೆ? ಅವನಿಗೂ ಪೀಡೆಯಾಗುತ್ತದಲ್ಲವೆ? ಅಧಿಕಾರಸ್ಥರು ಈ ವ್ರತವನ್ನು ಗುರಾಣಿಯಾಗಿ ಹಿಡಿಯುವುದಿಲ್ಲವೆ? ಹಿಡಿಯಬಹುದು, ಶಾಸ್ತ್ರ ಅದಕ್ಕೆ ಎಡೆಗೊಡುವುದಿಲ್ಲ. ವ್ರತಭಂಗದ ಲಕ್ಷಣದಲ್ಲಿ ‘ಪ್ರಮತ್ತಯೋಗ’ವೆಂಬ ಉಪಾಧಿಯಿದೆ: ಕಷಾಯಕ್ಕೆ ವಶವಾದ ಮನೋವಾಕ್ಕಾಯಗಳ ಎಚ್ಚರಗೇಡಿತನ. ಅಸಾತಾವೇದನೀಯ ಕರ್ಮವನ್ನು ವಿವರಿಸುವಾಗ ಪೂಜ್ಯಪಾದರು, ಕರುಣೆಯಿಂದ ಸಂಯಮಿಯ ಹುಣ್ಣನ್ನು ಕೊಯ್ಯುವ ವೈದ್ಯನಿಗೆ, ನೋವುಂಟುಮಾಡಿದರೂ, ಪಾಪಬಂಧವಿಲ್ಲವೆನ್ನುತ್ತಾರೆ. ‘ರಹೋಭ್ಯಾಖ್ಯಾನ’ವೆಂಬ ಅತಿಚಾರವನ್ನು ವಿವರಿಸುವಾಗಲೂ ಅವರ ನಿದರ್ಶನ ಸ್ತ್ರೀಪುರುಷರು ಏಕಾಂತದಲ್ಲಿ ಆಚರಿಸಿದ್ದನ್ನು ಬಯಲುಮಾಡುವುದು. ಸರ್ಕಾರಿ ಖಜಾನೆ ಶಯನಗೃಹವಲ್ಲ. ವಿಪರ್ಯಾಸವೆಂದರೆ ಇಂದಿನ ಪರದೆಯ ಮೇಲೆ ಶಯನಗೃಹ ಪದೇಪದೇ ಬಯಲಾಗುತ್ತದೆ, ಖಜಾನೆಗೆ ‘ಎನ್ನಲಾಗಿದೆ’ಯ ಮರ್ಯಾದೆ ಸಿಗುತ್ತದೆ.

ಸತ್ಯವ್ರತದ ಅತಿಚಾರಗಳನ್ನು ಎದುರಿಗಿಟ್ಟುಕೊಂಡು 2020ರ ಒಂದು ಪ್ರಕರಣವನ್ನು ನೋಡಿದರೆ ಈ ಗ್ರಂಥಗಳ ನಿಖರತೆ ಬೆರಗು ಹುಟ್ಟಿಸುತ್ತದೆ. ಆ ವರ್ಷ ಜೂನ್ 14ರಂದು ನಟ ಸುಶಾಂತ್ ಸಿಂಗ್ ರಜಪೂತ್ ನಿಧನರಾದರು. ಮುಂದಿನ ತಿಂಗಳುಗಳಲ್ಲಿ, ನ್ಯಾಯಾಲಯಕ್ಕಿಂತ ಮೊದಲೇ, ವಾಹಿನಿಗಳು ಅವರ ಗೆಳತಿಯ ಮೇಲೆ ವಿಚಾರಣೆ ನಡೆಸಿ ತೀರ್ಪನ್ನೂ ಕೊಟ್ಟವು. ಖಾಸಗಿ ವಾಟ್ಸ್‌ಆ್ಯಪ್ ಸಂಭಾಷಣೆಗಳನ್ನು ಪರದೆಯ ಮೇಲೆ ಓದಿದ್ದು ರಹೋಭ್ಯಾಖ್ಯಾನ. ನಟನ ಕೊನೆಯ ಟ್ವೀಟ್‌ಗಳೆಂದು ನಕಲಿಗಳನ್ನು ತೋರಿಸಿದ ವಾಹಿನಿಯೊಂದಕ್ಕೆ ಸುದ್ದಿವಾಹಿನಿಗಳದೇ ಸ್ವಯಂನಿಯಂತ್ರಣ ಸಂಸ್ಥೆ ಒಂದು ಲಕ್ಷ ರೂಪಾಯಿ ದಂಡ ವಿಧಿಸಿತು. ಶಾಸ್ತ್ರದ ಭಾಷೆಯಲ್ಲಿ ಅದು ಕೂಟಲೇಖಕ್ರಿಯೆ. ಇವೆರಡು ಯಾರಿಗಾದರೂ ಹೊಳೆಯುವಂಥವು. ಆದರೆ ಉಮಾಸ್ವಾತಿಯ ಪಟ್ಟಿಯಲ್ಲಿ ‘ಸಾಕಾರಮಂತ್ರಭೇದ’ ಎಂಬ ಇನ್ನೊಂದಿದೆ. ಪ್ರಸಂಗದಿಂದಲೋ, ಅಂಗವಿಕಾರದಿಂದಲೋ, ಹುಬ್ಬಿನ ಚಲನೆಯಿಂದಲೋ ಪರರ ಅಭಿಪ್ರಾಯವನ್ನು ಊಹಿಸಿ, ಅಸೂಯಾದಿಗಳಿಂದ ಅದನ್ನು ಪ್ರಕಟಿಸುವುದು. ಕಾರಿನಿಂದ ಇಳಿದ ಹೆಂಗಸಿನ ಮುಖದ ಮೇಲೆ ಕೆಂಪು ವೃತ್ತ ಎಳೆದು, ಕಣ್ಣಿನಲ್ಲಿ ನೀರಿಲ್ಲವೇಕೆ, ತುಟಿಯಂಚಿನಲ್ಲಿರುವುದು ನಗುವೆ ಎಂದು ವಿಶ್ಲೇಷಿಸುವ ‘ದೇಹಭಾಷಾ ತಜ್ಞ’ನನ್ನು ಸಾವಿರದೈನೂರು ವರ್ಷಗಳ ಹಿಂದಿನ ಒಬ್ಬ ವ್ಯಾಖ್ಯಾನಕಾರ ಇಷ್ಟು ಸ್ಪಷ್ಟವಾಗಿ ಗುರುತಿಸಿರುವಾಗ, ಈ ದೋಷಕ್ಕೆ ಪಾಶ್ಚಾತ್ಯ ಪಠ್ಯಪುಸ್ತಕದಲ್ಲಿ ಹೆಸರು ಹುಡುಕುತ್ತಾ ಅಲೆಯುವುದು ಏತಕ್ಕೆ? ಅಭಿಪ್ರಾಯವನ್ನು ಊಹಿಸಿದ್ದು ಸರಿಯೋ ತಪ್ಪೋ ಎಂಬ ಪ್ರಶ್ನೆಯನ್ನು ಶಾಸ್ತ್ರ ಎತ್ತುವುದಿಲ್ಲ ಎಂಬುದೂ ಗಮನಾರ್ಹ. ಸರಿಯಾಗಿ ಊಹಿಸಿದರೂ ಅತಿಚಾರವೇ.

2021ರ ಜನವರಿ 18ರಂದು ಬಾಂಬೆ ಉಚ್ಚ ನ್ಯಾಯಾಲಯವು ಇಂಥ ಮಾಧ್ಯಮ ವಿಚಾರಣೆಯು ನ್ಯಾಯದಾನದಲ್ಲಿ ಹಸ್ತಕ್ಷೇಪವೆಂದು ಹೇಳಿ ಮಾರ್ಗಸೂಚಿಗಳನ್ನು ಕೊಟ್ಟಿತು. ಭಾರತೀಯ ಪತ್ರಿಕಾ ಮಂಡಳಿಗೆ ಖಂಡಿಸುವ, ಎಚ್ಚರಿಸುವ ಅಧಿಕಾರವಿದೆಯೇ ಹೊರತು ದಂಡಿಸುವ ಅಧಿಕಾರವಿಲ್ಲ. ದೂರದರ್ಶನ ವಾಹಿನಿಗಳು ಅದರ ವ್ಯಾಪ್ತಿಗೇ ಬರುವುದಿಲ್ಲ. ಕಾನೂನಿನ ಕತೆ ಇಷ್ಟು.

ಸತ್ಯವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳನ್ನು ಹೇಳುವಾಗ ಉಮಾಸ್ವಾತಿ ಸುಳ್ಳಿನ ಮೂಲಗಳನ್ನೇ ಎಣಿಸುತ್ತಾನೆ: ಕ್ರೋಧ, ಲೋಭ, ಭಯ, ಹಾಸ್ಯ ಇವುಗಳ ತ್ಯಾಗ ಮತ್ತು ವಿಚಾರಮಾಡಿ ಆಡುವ ಅನುವೀಚಿಭಾಷಣ. ಲೋಭವೆಂದರೆ ಟಿಆರ್‌ಪಿ ಎಂದು ಎಲ್ಲರೂ ಹೇಳುತ್ತಾರೆ, ಹೇಳಿ ಸುಮ್ಮನಾಗುತ್ತಾರೆ. ಭಯದ ಮಾತನ್ನು ಎತ್ತುವವರು ಕಡಿಮೆ. ಜಾಹೀರಾತುದಾರನ ಭಯ, ಮಾಲೀಕನ ಭಯ, ಆಳುವವರ ಭಯ ಇವು ಆಡದ ಮಾತಿನಲ್ಲಿ ಕೆಲಸ ಮಾಡುತ್ತವೆಯಾದ್ದರಿಂದ ಅವಕ್ಕೆ ಸಾಕ್ಷ್ಯ ಉಳಿಯುವುದಿಲ್ಲ. ಹಾಸ್ಯವನ್ನು ಈ ಸಾಲಿನಲ್ಲಿ ಸೇರಿಸಿದ್ದು ಸೂಕ್ಷ್ಮ ದೃಷ್ಟಿ. ಸೋತವರನ್ನೂ ದುರ್ಬಲರನ್ನೂ ಅಣಕಿಸುವ ‘ಟ್ರೋಲ್’ ಪುಟಗಳಲ್ಲಿ ಸುಳ್ಳು ನಗೆಯ ಬೆನ್ನೇರಿ ಪ್ರವೇಶಿಸುತ್ತದೆ, ಪ್ರಶ್ನಿಸಿದರೆ ತಮಾಷೆಯೆಂದು ಜಾರಿಕೊಳ್ಳುತ್ತದೆ.

ಮತ್ತೊಂದು ಜಾರುದಾರಿಯನ್ನು ಸಮಂತಭದ್ರರು ಮುಚ್ಚಿದ್ದಾರೆ. ಸ್ಥೂಲವಾದ ಸುಳ್ಳನ್ನು ತಾನು ಆಡದಿರುವುದಷ್ಟೇ ಸಾಲದು, ಪರರಿಂದ ಆಡಿಸಲೂ ಬಾರದು. ‘ಅದು ಅತಿಥಿಯ ವೈಯಕ್ತಿಕ ಅಭಿಪ್ರಾಯ, ವಾಹಿನಿಗೆ ಸಂಬಂಧವಿಲ್ಲ’ ಎಂಬ ಅಡಿಬರಹ ಕೃತ, ಕಾರಿತ, ಅನುಮೋದನೆಗಳ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಏನು ಹೇಳುತ್ತಾನೆಂದು ತಿಳಿದೇ ಕರೆದದ್ದು ಕಾರಿತ. ಹೇಳಿದ್ದನ್ನು ತುಣುಕಾಗಿ ಕತ್ತರಿಸಿ ಮತ್ತೆ ಹರಿಯಬಿಟ್ಟದ್ದು ಅನುಮೋದನೆ.

ದೂರು ಹೊರಗಿನವರ ಮೇಲೆ ಮಾತ್ರವೆಂದು ಜೈನ ಓದುಗರು ನಿಶ್ಚಿಂತರಾಗುವಂತಿಲ್ಲ. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು, 2006ರಲ್ಲಿ ಸಲ್ಲಿಕೆಯಾಗಿದ್ದ ಅರ್ಜಿಯ ಮೇಲೆ, ಸಲ್ಲೇಖನವನ್ನು ಆತ್ಮಹತ್ಯೆಯೆಂದು ಪರಿಗಣಿಸಿ ತೀರ್ಪಿತ್ತಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು. ನಡುವಿನ ಮೂರು ವಾರ ‘ಆತ್ಮಹತ್ಯೆಯೋ, ಧಾರ್ಮಿಕ ಹಕ್ಕೋ’ ಎಂಬ ಎರಡೇ ಬಾಗಿಲುಗಳ ಚರ್ಚೆ ನಡೆಯಿತು. ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗಗಳಲ್ಲಿ ಮಾತ್ರ ಸಲ್ಲೇಖನವೆಂದು ‘ರತ್ನಕರಂಡಕ’ ವಿಧಿಸಿರುವ ನಿಬಂಧನೆ, ರಾಗದ್ವೇಷಗಳಿಲ್ಲದ್ದರಿಂದ ಇದು ಆತ್ಮವಧೆಯಲ್ಲವೆಂಬ ಪೂಜ್ಯಪಾದರ ವಾದ, ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲಿನ ಸಮಾಧಿಮರಣದ ಶಾಸನಗಳು ಇವು ಆ ಬಾಗಿಲುಗಳಲ್ಲಿ ಹಿಡಿಸಲಿಲ್ಲ. ಇದು ಒಂದು ಕಡೆಯ ದೋಷ. ಇನ್ನೊಂದು ಕಡೆ, ಜೈನ ಪಕ್ಷದಲ್ಲಿ ನಿಂತು ವಾದಿಸಿದವರಲ್ಲಿ ಅನೇಕರು ಕೇಳಬೇಕಾದ ಪ್ರಶ್ನೆಗಳನ್ನೇ ಧರ್ಮನಿಂದೆಯೆಂದರು. ವ್ರತಧಾರಿಯ ಸಮ್ಮತಿ ಸ್ವತಂತ್ರವೆ, ಮನೆಯವರ ಒತ್ತಾಯವಿಲ್ಲವೆಂದು ಯಾರು ಖಚಿತಪಡಿಸುತ್ತಾರೆ, ಶಾಸ್ತ್ರದ ನಿಬಂಧನೆ ಪ್ರತಿಯೊಂದು ಪ್ರಕರಣದಲ್ಲಿಯೂ ಪಾಲನೆಯಾಗುತ್ತಿದೆಯೆ ಎಂಬ ಪ್ರಶ್ನೆಗಳು ಶತ್ರುಗಳ ಪ್ರಶ್ನೆಗಳಲ್ಲ; ಆಚಾರ್ಯರು ತಾವೇ ಕೇಳುವಂಥವು. ಅನೇಕಾಂತವನ್ನು ಜಗತ್ತಿಗೆ ಕೊಟ್ಟೆವೆನ್ನುವವರು ಆ ಮೂರು ವಾರಗಳಲ್ಲಿ ಏಕಾಂತವಾದಿಗಳಾದರು.

ಮಾಧ್ಯಮನೀತಿಯ ಪಾಶ್ಚಾತ್ಯ ಪಠ್ಯಗಳಲ್ಲಿ ಚರ್ಚೆಯ ಕೇಂದ್ರ ಆಡುವವನು. ಶ್ರಾವಕಾಚಾರ ಕೇಳುವವನನ್ನೂ ಬಿಡುವುದಿಲ್ಲ. ಸಮಂತಭದ್ರರು ಅನರ್ಥದಂಡಗಳಲ್ಲಿ, ಅಂದರೆ ಪ್ರಯೋಜನವಿಲ್ಲದೆ ಕಟ್ಟಿಕೊಳ್ಳುವ ಪಾಪಗಳಲ್ಲಿ, ‘ದುಃಶ್ರುತಿ’ಯನ್ನು ಎಣಿಸಿದ್ದಾರೆ: ರಾಗ, ದ್ವೇಷ, ಮದಗಳಿಂದ ಚಿತ್ತವನ್ನು ಕಲುಷಿತಗೊಳಿಸುವ ಕಥನಗಳನ್ನು ಕೇಳುವುದು. ಊಟದ ತಟ್ಟೆ ಹಿಡಿದು ಆ ಹೆಂಗಸಿನ ಮುಖದ ಮೇಲಿನ ಕೆಂಪು ವೃತ್ತವನ್ನು ರಾತ್ರಿಯಿಂದ ರಾತ್ರಿಗೆ ನೋಡಿದ ಮನೆಮಂದಿಯೂ ಈ ಲೆಕ್ಕಕ್ಕೆ ಸೇರುತ್ತಾರೆ. ವಾಹಿನಿಯನ್ನು ಬೈಯುತ್ತಲೇ ಅದನ್ನು ನೋಡುವ ವಿದ್ಯಾವಂತರಿಗೆ ಈ ಅಧ್ಯಾಯ ಅಪ್ರಿಯವಾಗಬಹುದು.

ಪುನ್ನಾಟಸಂಘದ ಜಿನಸೇನನು 783ರಲ್ಲಿ ಮುಗಿಸಿದ ‘ಹರಿವಂಶಪುರಾಣ’ದಲ್ಲಿ ವಸುರಾಜನ ಕಥೆಯಿದೆ. ಸ್ಫಟಿಕದ ಮೇಲೆ ನಿಂತ ಅವನ ಸಿಂಹಾಸನ, ಆಧಾರ ಕಾಣದ್ದರಿಂದ, ಸತ್ಯದ ಬಲದಿಂದಲೇ ಆಕಾಶದಲ್ಲಿ ತೇಲುತ್ತಿದೆಯೆಂದು ಪ್ರಜೆಗಳು ನಂಬಿದ್ದರು. ಯಜ್ಞದ ‘ಅಜ’ವೆಂದರೆ ಮೊಳೆಯದ ಹಳೆಯ ಧಾನ್ಯವೆಂದು ನಾರದನೂ, ಆಡೆಂದು ಪರ್ವತನೂ ವಾದಿಸಿ ಅವನ ಬಳಿಗೆ ಬಂದರು. ಮೂವರೂ ಒಬ್ಬನೇ ಗುರುವಿನ ಶಿಷ್ಯರು. ವಸುವಿಗೆ ಸರಿಯಾದ ಅರ್ಥ ಗೊತ್ತಿತ್ತು. ಆದರೆ ಪರ್ವತನ ತಾಯಿಯಾದ ಗುರುಪತ್ನಿಗೆ ಮಾತು ಕೊಟ್ಟಿದ್ದನು. ಪರ್ವತನ ಮಾತೇ ಸರಿಯೆಂದು ಸಾಕ್ಷಿ ನುಡಿದೊಡನೆ ಸಿಂಹಾಸನ ನೆಲಕ್ಕೆ ಕುಸಿಯಿತು, ವಸು ನರಕಕ್ಕಿಳಿದನು. ಕೀರ್ತನಕಾರರು ಕಥೆಯನ್ನು ಇಲ್ಲಿಗೆ ಮುಗಿಸುತ್ತಾರೆ, ಪುರಾಣಕಾರನು ಮುಗಿಸುವುದಿಲ್ಲ. ಜನರು ನಾರದನನ್ನು ಗೌರವಿಸಿ ಪರ್ವತನನ್ನು ಊರಿನಿಂದ ಹೊರಗಟ್ಟುತ್ತಾರೆ. ಅಲೆಯುತ್ತಿದ್ದ ಪರ್ವತನಿಗೆ ಹಳೆಯ ದ್ವೇಷವೊಂದನ್ನು ತೀರಿಸಿಕೊಳ್ಳಲು ಕಾದಿದ್ದ ಮಹಾಕಾಲನೆಂಬ ಅಸುರನ ನೆರವು ದೊರೆಯುತ್ತದೆ. ಸಾಕ್ಷಿ ಹೇಳಿದವನು ಕುಸಿದ ಮೇಲೂ ಆ ಸುಳ್ಳು ಅರ್ಥ ಊರಿಂದೂರಿಗೆ ಹರಡಿ, ಆಡುಗಳು ಯಜ್ಞಶಾಲೆಗೆ ಬರತೊಡಗುತ್ತವೆ.

2025ರ ಮಾರ್ಚ್‌ನಲ್ಲಿ ಸಿಬಿಐ ಆ ನಟನ ಪ್ರಕರಣದಲ್ಲಿ ಮುಕ್ತಾಯ ವರದಿಯನ್ನು ನ್ಯಾಯಾಲಯಕ್ಕೆ ಸಲ್ಲಿಸಿತು. ಆ ಸುದ್ದಿ ಬಂದ ದಿನ ಅದನ್ನು ಎಷ್ಟು ನಿಮಿಷ ಪ್ರಸಾರ ಮಾಡಿದರು, 2020ರಲ್ಲಿ ಎಷ್ಟು ರಾತ್ರಿಗಳನ್ನು ಕಳೆದಿದ್ದರು ಎಂಬುದನ್ನು ಮಾಧ್ಯಮನೀತಿಯ ಮುಂದಿನ ವಿಚಾರಸಂಕಿರಣದಲ್ಲಿ ಯಾರಾದರೂ ಎಣಿಸಿ ಮಂಡಿಸಬಹುದು. ಕುರುಡರನ್ನೂ ಆನೆಯನ್ನೂ ಅಂದು ಮನೆಯಲ್ಲಿಯೇ ಬಿಟ್ಟು ಬಂದರೆ ಅದಕ್ಕೆ ಸಮಯ ಸಿಗುತ್ತದೆ.